ಪೆಟ್ಟಿಗೆ ಒಂದು, ಬಾಗಿಲು ಮೂರು

ಊರು ಬಿಟ್ಟು ಬಂದವರ ಮನೆಯಲ್ಲಿ ಹಿಂದೆ ದಿನಕ್ಕೊಮ್ಮೆಯಾದರೂ ಏಳುತ್ತಿದ್ದ ಪ್ರಶ್ನೆ "ಕಾಗದ ಬಂತೆ?" ಎಂಬುದು. ಅದಕ್ಕೆ ಉತ್ತರವೂ ಸರಳವಾಗಿತ್ತು. ಬಂದಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಈಗ ಕಾಗದದ ಜಾಗದಲ್ಲಿ ಮೇಲ್ ಬಂದು ಕುಳಿತಿದೆ. ಪ್ರಶ್ನೆ ಹೆಚ್ಚು ಬದಲಾಗಿಲ್ಲ, ಉತ್ತರ ಮಾತ್ರ ಜಟಿಲವಾಗಿದೆ. ಮನೆಯ ಕಂಪ್ಯೂಟರಿನಲ್ಲಿ ಬಂದದ್ದು ಫೋನಿನಲ್ಲಿ ಬಂದಿರುವುದಿಲ್ಲ. ಫೋನಿನಿಂದ ಬರೆದ ಉತ್ತರ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿನ್ನೆ ಓದಿ ಮುಗಿಸಿದ ಕಾಗದ ಇಂದು ಇನ್ನೊಂದು ಯಂತ್ರದಲ್ಲಿ "ನನ್ನನ್ನು ಓದಿಲ್ಲ" ಎಂದು ದಪ್ಪಕ್ಷರದಲ್ಲಿ ಮುಖ ಉಬ್ಬಿಸಿಕೊಂಡು ನಿಂತಿರುತ್ತದೆ. "ಮೇಲ್ ಬಂತೆ?" ಎಂದು ಕೇಳಿದರೆ "ಯಾವುದರಲ್ಲಿ?" ಎಂದು ತಿರುಗಿ ಕೇಳುವ ಕಾಲ ಇದು.

ಈ ಅಂಕಣದ ವಾಚಕರಲ್ಲಿ ನಾಲ್ಕಾರು ಮಂದಿ ಇದೇ ತೊಡಕನ್ನು ನಮ್ಮ ಮುಂದೆ ತೋಡಿಕೊಂಡಿದ್ದಾರೆ. ನಾವೇನೂ ಕಂಪ್ಯೂಟರ್ ಪಂಡಿತರಲ್ಲ. ನುಂಗಂಬಾಕ್ಕಂನ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಟಪಾಲಿಗೆ ನಂಬರು ಹಾಕಿ ಫೈಲಿಗೆ ಸೇರಿಸುವ ಗುಮಾಸ್ತರು. ಆದರೆ ವಿಷಯ ಟಪಾಲಿನದೇ ಆದುದರಿಂದ ನಮಗೂ ಎರಡು ಮಾತು ಹೇಳುವ ಅಧಿಕಾರ ಉಂಟೆಂದು ಭಾವಿಸಿದ್ದೇವೆ.

ನಮ್ಮ ಮನೆಗೆ ಎರಡು ಬೀದಿ ಆಚೆ, ಕೆರೆ ಹೋಗಿ ಹೆಸರಷ್ಟೇ ಉಳಿದಿರುವ ಲೇಕ್ ಏರಿಯಾದಲ್ಲಿ, ಸಾಗರದ ಕಡೆಯ ರಾಯರೊಬ್ಬರಿದ್ದಾರೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಗ, ಸೊಸೆ, ಮೊಮ್ಮಗನೊಡನೆ ವಾಸ. ಕಿವಿ ಸ್ವಲ್ಪ ಮಂದ. ಆದ್ದರಿಂದ ಫೋನಿನಲ್ಲಿ ಕೂಗಾಡುವುದಕ್ಕಿಂತ ಬರೆದು ತಿಳಿಸುವುದೇ ಅವರಿಗೆ ಹಿತ. ಊರಲ್ಲಿರುವ ತಮ್ಮನೂ ಅಣ್ಣನ ಈ ಸ್ವಭಾವ ಬಲ್ಲವರಾಗಿ ಎಲ್ಲವನ್ನೂ ಮೇಲಿನಲ್ಲೇ ಬರೆಯುತ್ತಾರೆ. ಅಡಕೆಯ ಧಾರಣೆಯಿಂದ ಹಿಡಿದು ಹಸು ಕರು ಹಾಕಿದ್ದರವರೆಗೆ ಎಲ್ಲ ಸುದ್ದಿಯೂ ಬರುವುದು ಹೀಗೆಯೇ.

ಕಳೆದ ವರ್ಷ ರಾಯರು ಪತ್ನೀಸಮೇತ ಹೈದರಾಬಾದಿಗೆ, ಮಗಳ ಮನೆಗೆ ಹೋಗಿದ್ದರು. ಎರಡು ತಿಂಗಳ ಬಿಡಾರ. ಅಲ್ಲಿರುವಾಗ ದೂರದ ನೆಂಟರೊಬ್ಬರ ಬಾಯಿಂದ ಸುದ್ದಿ ತಿಳಿಯಿತು: ತಮ್ಮನ ಮಗಳ ಮದುವೆ ಗೊತ್ತಾಗಿದೆ, ಮುಹೂರ್ತವೂ ನಿಶ್ಚಯವಾಗಿದೆ. ರಾಯರಿಗೆ ಅನ್ನ ಸೇರಲಿಲ್ಲ. ಮನೆತನಕ್ಕೆ ಹಿರಿಯರು ತಾವು. ತಮ್ಮನ್ನು ಒಂದು ಮಾತು ಕೇಳದೆ ಮುಹೂರ್ತವಿಡುವುದೆ? ಚೆನ್ನೈಗೆ ಹಿಂತಿರುಗಿ ಬಂದ ಮೇಲೆ ನಮ್ಮನ್ನು ಕಂಡಾಗ ಅವರು ಹೇಳಿದ್ದು ಇಷ್ಟೇ: "ನೋಡು ಮಾರಾಯ, ಊರು ಬಿಟ್ಟು ಬಂದವನಿಗೆ ಊರಲ್ಲಿ ಕೊಡುವ ಬೆಲೆ ಇಷ್ಟೇ."

"ಮೇಲ್ ಏನಾದರೂ ಬರೆದಿದ್ದರೋ ಏನೋ, ರಾಯರೇ" ಎಂದೆವು.

"ಬರೆದಿದ್ದರೆ ಫೋನಿನಲ್ಲಿ ಬರುತ್ತಿರಲಿಲ್ಲವೆ? ದಿನಾ ಎರಡು ಹೊತ್ತು ನೋಡಿದ್ದೇನೆ."

ಅವರ ಮನೆಯ ನಡುಕೋಣೆಯ ಹಳೆಯ ಕಂಪ್ಯೂಟರನ್ನು ನಾವು ತೆರೆಸಿ ನೋಡಿದೆವು. ಅಲ್ಲಿ ಇದ್ದವು, ಎರಡು ಕಾಗದ, ಒಡೆಯದ ಲಕೋಟೆಯಂತೆ. ಮೊದಲನೆಯದರಲ್ಲಿ ತಮ್ಮ ಎರಡು ಮುಹೂರ್ತ ಬರೆದು, ಜಾತಕದ ಪ್ರತಿಯನ್ನೂ ಲಗತ್ತಿಸಿ, ಅಣ್ಣ ಅತ್ತಿಗೆಗೆ ಯಾವುದು ಅನುಕೂಲವೋ ಅದನ್ನೇ ಇಡುವುದಾಗಿ ಕೇಳಿದ್ದರು. ಹದಿನೈದು ದಿನದ ಮೇಲಿನ ಎರಡನೆಯದರಲ್ಲಿ ಅಣ್ಣನಿಂದ ಉತ್ತರ ಬಾರದ್ದಕ್ಕೆ ಮನಸ್ಸಿಗೆ ನೋವಾಯಿತೆಂದೂ, ಗಂಡಿನವರು ಅವಸರ ಮಾಡಿದ್ದರಿಂದ ಮೊದಲನೆಯ ಮುಹೂರ್ತವನ್ನೇ ಒಪ್ಪಿದ್ದಾಗಿಯೂ ಇತ್ತು. ಅಂದರೆ ಅಲ್ಲಿಯೂ ಒಂದು ಮುಖ ಮುನಿಸು ಸಿದ್ಧವಾಗಿತ್ತು! ರಾಯರು ಕನ್ನಡಕ ಒರೆಸಿಕೊಂಡು ಎರಡನ್ನೂ ಎರಡೆರಡು ಸಲ ಓದಿದರು. ಆಮೇಲೆ ಯಾರನ್ನೂ ಮಾತಾಡಿಸದೆ ಉತ್ತರ ಬರೆಯಲು ಕುಳಿತರು. ಮದುವೆಗೆ ಹೋಗಿಬಂದರು, ಧಾರೆಯ ಹೊತ್ತಿಗೆ ಹಿರಿಯರ ಜಾಗದಲ್ಲಿ ನಿಂತರು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇವೆ. ನಮಗೆ ಬೇಕಾದದ್ದು ಆ ಎರಡು ಕಾಗದ ಫೋನಿಗೆ ಏಕೆ ಬರಲಿಲ್ಲ ಎಂಬುದು.

ನಡೆದದ್ದು ಹೀಗೆ. ರಾಯರ ಮೇಲ್ ಪೆಟ್ಟಿಗೆ ಅವರ ಮನೆಗೆ ಇಂಟರ್‌ನೆಟ್ ಕೊಟ್ಟ ಕಂಪೆನಿಯದು. ಬಹಳ ಹಿಂದೆ ಮಗ ಮಾಡಿಸಿಕೊಟ್ಟದ್ದು. ಪೆಟ್ಟಿಗೆ ಬಲು ಚಿಕ್ಕದು. ತುಂಬಿಹೋಗದಿರಲೆಂದು ಮಗ ಆಗಲೇ ಒಂದು ಕಟ್ಟಳೆ ಮಾಡಿದ್ದ: ಮನೆಯ ಕಂಪ್ಯೂಟರು ತೆರೆದೊಡನೆ ಮೇಲ್ ಪ್ರೋಗ್ರಾಮು ತಾನಾಗಿ ಎದ್ದು, ಕಂಪೆನಿಯ ಪೆಟ್ಟಿಗೆಯಲ್ಲಿರುವ ಕಾಗದಗಳನ್ನೆಲ್ಲ ಮನೆಗೆ ತಂದು, ಅಲ್ಲಿ ಅಳಿಸಿಬಿಡಬೇಕು. ಆ ಕಾಲಕ್ಕೆ ಅದು ಸರಿಯಾದ ವ್ಯವಸ್ಥೆಯೇ. ಆಮೇಲೆ ಫೋನು ಬಂತು, ಅದೂ ಅದೇ ಪೆಟ್ಟಿಗೆಯನ್ನು ನೋಡತೊಡಗಿತು. ರಾಯರು ಹೈದರಾಬಾದಿನಲ್ಲಿ ಕುಳಿತು ಫೋನು ನೋಡುತ್ತಿದ್ದಾಗ ಇಲ್ಲಿ ಮೊಮ್ಮಗ ದಿನಾ ಸಂಜೆ ಆಟವಾಡಲು ಕಂಪ್ಯೂಟರು ತೆರೆಯುತ್ತಿದ್ದ. ಕಂಪ್ಯೂಟರು ತನ್ನ ಧರ್ಮದಂತೆ ಪೆಟ್ಟಿಗೆ ಗುಡಿಸಿಕೊಂಡು ಬರುತ್ತಿತ್ತು. ಹುಡುಗ ಆಟವಾಡದ ದಿನ ಬಂದ ಕಾಗದ ಮಾತ್ರ ರಾಯರ ಕಣ್ಣಿಗೆ ಬಿದ್ದದ್ದು!

ಹೀಗೆ ತಂದು ಅಳಿಸುವ ಪದ್ಧತಿಗೆ ಪಾಪ್ ಎಂದು ಹೆಸರು. ("ಹೆಸರೇ ಪಾಪ ನೋಡು" ಎಂದರು ರಾಯರು.) ಇದರ ಮೊದಲ ಕರಡು 1984ರಲ್ಲಿ ಹೊರಬಂತು, ಇಂದು ಬಳಕೆಯಲ್ಲಿರುವ ಮೂರನೆಯ ರೂಪ 1988ರದು. ಅದನ್ನು ಮಾಡಿದವರನ್ನು ಬಯ್ಯುವಂತಿಲ್ಲ. ಆಗ ಒಬ್ಬರಿಗೆ ಒಂದು ಕಂಪ್ಯೂಟರು ಇದ್ದರೆ ಅದೇ ಐಶ್ವರ್ಯ. ನಮ್ಮ ದೇಶದಲ್ಲಿ ವಿ.ಎಸ್.ಎನ್.ಎಲ್. ಸಂಸ್ಥೆ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಇನ್ನೂ ಮದರಾಸೆಂದೇ ಕರೆಸಿಕೊಳ್ಳುತ್ತಿದ್ದ ಈ ನಗರವೂ ಮೊದಲ ಊರುಗಳಲ್ಲಿ ಒಂದು. ಟೆಲಿಫೋನಿನ ಮೂಲಕವೇ ಸಂಪರ್ಕ, ಟೆಲಿಫೋನಿನ ಬಿಲ್ಲು ಓಡುತ್ತಲೇ ಇರುತ್ತಿತ್ತು. ಕಿರಿಚುವ ಮೋಡೆಮ್ಮಿನಿಂದ ಸಂಪರ್ಕ ಹಿಡಿದು, ಬಂದ ಕಾಗದವನ್ನು ಬಾಚಿಕೊಂಡು, ಲೈನು ಕತ್ತರಿಸಿ, ಆಮೇಲೆ ಸಾವಕಾಶವಾಗಿ ಓದುವುದೇ ಜಾಣತನವಾಗಿತ್ತು. ಸರ್ವರಿನಲ್ಲಿ ಸ್ಥಳವೂ ದುಬಾರಿ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಎಂಬವರೊಡನೆ ಕೂಡಿ 1996ರ ಜುಲೈ 4ರಂದು ತೆರೆದ ಹಾಟ್‌ಮೇಲ್ ಆರಂಭದಲ್ಲಿ ಕೊಡುತ್ತಿದ್ದದ್ದು 2 ಎಂ.ಬಿ. ಮಾತ್ರ, ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸಿದರೆ ಪುಣ್ಯ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿ.ಬಿ. ಕೊಡುತ್ತೇವೆಂದಾಗ ಏಪ್ರಿಲ್ ಫೂಲಿನ ತಮಾಷೆಯೆಂದು ನಕ್ಕವರೇ ಹೆಚ್ಚು.

ಇನ್ನೊಂದು ಪದ್ಧತಿ ಐಮ್ಯಾಪ್. 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಇದನ್ನು ರೂಪಿಸಿದರು. ಇದರ ಮರ್ಮ ನಮ್ಮಂಥ ಗುಮಾಸ್ತರಿಗೆ ಥಟ್ಟನೆ ಹೊಳೆಯುತ್ತದೆ. ಇದು ಕಚೇರಿಯ ರೆಕಾರ್ಡು ರೂಮಿನ ಪದ್ಧತಿ. ಮೂಲ ಕಾಗದ ರೆಕಾರ್ಡು ರೂಮು ಬಿಟ್ಟು ಕದಲುವುದಿಲ್ಲ. ಯಾವ ಮೇಜಿನಿಂದ ಕೇಳಿದರೂ ಅದೇ ಫೈಲು. ಓದಿದವರು ಅದರಲ್ಲೇ ಗುರುತು ಹಾಕಬೇಕು, ಉತ್ತರದ ನಕಲನ್ನು ಅದರಲ್ಲೇ ಸೇರಿಸಬೇಕು. ಕಂಪ್ಯೂಟರು, ಲ್ಯಾಪ್‌ಟಾಪು, ಫೋನು ಇವೆಲ್ಲ ಆ ಕೋಣೆಗೆ ತೆರೆದ ಬಾಗಿಲುಗಳು. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಓದಿದ್ದೇ. ಕಂಪ್ಯೂಟರಿನಿಂದ ಕಳಿಸಿದ ಉತ್ತರದ ನಕಲು ಫೋನಿನಲ್ಲೂ ಉಂಟು. ಬಾಗಿಲು ಮೂರಿದ್ದರೇನು, ಹತ್ತಿದ್ದರೇನು? ಪಾಪ್ ಪದ್ಧತಿಯಲ್ಲಿಯೂ "ಮೂಲವನ್ನು ಸರ್ವರಿನಲ್ಲಿ ಬಿಡು" ಎಂದು ಹೇಳಬಹುದು ನಿಜ. ಆದರೆ ಓದಿದ ಗುರುತಾಗಲಿ ಕಳಿಸಿದ ಉತ್ತರವಾಗಲಿ ಅದರಲ್ಲಿ ಅತ್ತಿತ್ತ ಹರಿಯುವುದಿಲ್ಲ. ಒಂದಕ್ಕಿಂತ ಹೆಚ್ಚು ಯಂತ್ರವಿರುವ ಮನೆಗೆ ಪಾಪ್ ಸಲ್ಲದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ರಾಯರ ಮನೆಯಲ್ಲಿ ಮಾಡಿದ ಏರ್ಪಾಡನ್ನು ಹೇಳಿದರೆ ಉಳಿದವರಿಗೂ ದಾರಿಯಾದೀತು. ಮೊದಲು, ಬೇರೆ ಏನನ್ನೂ ಮುಟ್ಟದೆ, ಹಳೆಯ ಕಂಪ್ಯೂಟರಿನಲ್ಲಿ ಮೇಲ್ ಇರುವ ಫೋಲ್ಡರನ್ನು ಇಡಿಯಾಗಿ ಒಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆವು. ಇದನ್ನು ದಯವಿಟ್ಟು ಯಾರೂ ಬಿಡಬಾರದು. ಆಮೇಲೆ ಜಿಮೇಲಿನಲ್ಲಿ ರಾಯರ ಹೆಸರಿಗೆ ಹೊಸ ಪೆಟ್ಟಿಗೆ. ಅಲ್ಲಿ ಪುಕ್ಕಟೆಯಾಗಿ 15 ಜಿ.ಬಿ. ಸ್ಥಳ, ಆದರೆ ಫೋಟೋಗಳೂ ಇತರ ಕಡತಗಳೂ ಅದರಲ್ಲೇ ಪಾಲು ಕೇಳುತ್ತವೆ. ಫೋನಿನಲ್ಲಿ ವಿಳಾಸ ಕೊಟ್ಟು ಗುಪ್ತಪದ ಹೇಳಿದರೆ ಮುಗಿಯಿತು, ಉಳಿದದ್ದನ್ನು ಫೋನೇ ಮಾಡಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಉಚಿತ ಪ್ರೋಗ್ರಾಮು ಹಾಕಿದೆವು. ಅದು ಹೊಸ ಖಾತೆ ಸೇರಿಸುವಾಗ ಐಮ್ಯಾಪೋ ಪಾಪೋ ಎಂದು ಕೇಳುತ್ತದೆ. ಅಲ್ಲಿ ಕೈ ತಪ್ಪಬಾರದು. ತಾನಾಗಿ ತುಂಬಿಕೊಳ್ಳದಿದ್ದರೆ ಐಮ್ಯಾಪಿಗೆ 993, ಕಾಗದ ಕಳಿಸುವ ಎಸ್.ಎಂ.ಟಿ.ಪಿ.ಗೆ 465 ಅಥವಾ 587 ಎಂಬ ಪೋರ್ಟ್ ಸಂಖ್ಯೆಗಳನ್ನು ಕೊಡಬೇಕು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಎಂಬುದು ನೆನಪಿದ್ದರೆ "ಬರುತ್ತದೆ, ಹೋಗುವುದಿಲ್ಲ" ಎಂಬ ದೂರಿಗೆ ಮದ್ದು ಎಲ್ಲಿದೆಯೆಂದು ಗೊತ್ತಾಗುತ್ತದೆ. ತೀರ ಹಳೆಯ ಪ್ರೋಗ್ರಾಮುಗಳಿಗೆ ಸಾಮಾನ್ಯ ಗುಪ್ತಪದವನ್ನು ಗೂಗಲ್ ಈಗ ಒಪ್ಪುವುದಿಲ್ಲ. 2022ರಿಂದ ಆ ಬಾಗಿಲು ಮುಚ್ಚಿದೆ. ಎರಡು ಹಂತದ ಪರೀಕ್ಷೆಯನ್ನು ಖಾತೆಗೆ ಜೋಡಿಸಿಕೊಂಡರೆ ಅಂಥವಕ್ಕೆಂದೇ 16 ಅಕ್ಷರದ ಬೇರೊಂದು ಗುಪ್ತಪದ ಪಡೆಯಬಹುದು.

ಮುಖ್ಯವಾದ ಕೆಲಸ ಇನ್ನೂ ಇತ್ತು. ಹಳೆಯ ಕಾಗದಗಳೆಲ್ಲ, ತಾಯಿ ತೀರಿಕೊಂಡಾಗ ಬಂದವೂ ಸೇರಿ, ಆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಇದ್ದವು. ಕಂಪ್ಯೂಟರಿಗೋ ವಯಸ್ಸಾಗಿತ್ತು. ಇದರ ಅಪಾಯ ಏನೆಂಬುದು ಚೆನ್ನೈಯವರಿಗೆ ಗೊತ್ತು. 2015ರ ಡಿಸೆಂಬರ್ ಮೊದಲ ವಾರ ಅಡೆಯಾರು ನದಿ ಉಕ್ಕಿ ಕೊಟ್ಟೂರುಪುರಂ, ಸೈದಾಪೇಟೆ, ಜಾಫರ್‌ಖಾನ್‌ಪೇಟೆಗಳ ನೆಲದಂತಸ್ತಿನ ಮನೆಗಳಿಗೆ ನುಗ್ಗಿತಷ್ಟೆ. ಕೊಟ್ಟೂರುಪುರಂನಲ್ಲಿದ್ದ ನಮ್ಮ ಪರಿಚಯದ ಒಂದು ಕನ್ನಡ ಕುಟುಂಬ ಮಹಡಿಗೆ ಹತ್ತಿ ಜೀವ ಉಳಿಸಿಕೊಂಡಿತು. ಕೆಳಗೆ ಕಂಪ್ಯೂಟರು ಎರಡು ದಿನ ಕೆಸರು ನೀರಿನಲ್ಲಿ ಮುಳುಗಿತ್ತು. ಪಾತ್ರೆ ಪರಡಿ ತೊಳೆದುಕೊಂಡರು, ಹಾಸಿಗೆ ಹೊಸದು ಕೊಂಡರು. ಆ ಮನೆಯೊಡತಿಗೆ ಅವರ ತಂದೆ ಕೊನೆಯ ವರ್ಷಗಳಲ್ಲಿ ಧಾರವಾಡದಿಂದ ಬರೆದಿದ್ದ ಮೇಲ್‌ಗಳು ಮಾತ್ರ ಹೋದವು ಹೋದವೇ. ಪಾಪ್ ಪದ್ಧತಿಯಲ್ಲಿ ತಂದು ಅಳಿಸಿದ್ದರಿಂದ ಸರ್ವರಿನಲ್ಲೂ ಇರಲಿಲ್ಲ. "ಅಪ್ಪ ಕಾಗದದ ಮೇಲೆ ಬರೆದಿದ್ದರೆ ಟ್ರಂಕಿನಲ್ಲಿಟ್ಟು ಅಟ್ಟಕ್ಕೆ ಹಾಕಿರುತ್ತಿದ್ದೆ" ಎಂದು ಆಕೆ ಹೇಳಿದ್ದು ನಮಗೆ ಇಂದಿಗೂ ಮರೆತಿಲ್ಲ.

ಆದ್ದರಿಂದ ರಾಯರ ಹಳೆಯ ಕಾಗದಗಳನ್ನು ಹೊಸ ಪೆಟ್ಟಿಗೆಗೆ ಸಾಗಿಸಿದೆವು. ವಿಧಾನ ಸುಲಭ. ಒಂದೇ ಪ್ರೋಗ್ರಾಮಿನ ಎಡಬದಿಯಲ್ಲಿ ಹಳೆಯ ಫೋಲ್ಡರೂ ಕಾಣುತ್ತದೆ, ಐಮ್ಯಾಪಿನ ಹೊಸ ಪೆಟ್ಟಿಗೆಯೂ ಕಾಣುತ್ತದೆ. ಹಳೆಯದರಿಂದ ಕಾಗದಗಳನ್ನು ಆರಿಸಿ ಹೊಸದಕ್ಕೆ ನಕಲು ಮಾಡಿದರೆ ಅವು ಮನೆ ಬಿಟ್ಟು ಸರ್ವರಿಗೆ ಏರುತ್ತವೆ, ತಾರೀಖು ಸಹಿತವಾಗಿ. ಒಂದೇ ಸಲಕ್ಕೆ ಸಾವಿರ ಕಾಗದ ಎಳೆಯಬಾರದು. ನೂರು ನೂರರಂತೆ, ಎರಡು ಮೂರು ಸಂಜೆ ಕುಳಿತು ಮಾಡಬೇಕು. "ಸರಿಸು" ಎನ್ನದೆ "ನಕಲು ಮಾಡು" ಎಂಬುದನ್ನೇ ಆರಿಸಬೇಕು. ನಡುವೆ ಕರೆಂಟು ಹೋದರೆ ಮೂಲ ಇದ್ದಲ್ಲೇ ಇರುತ್ತದೆ.

ಮೂರನೆಯ ಸಂಜೆ ರಾಯರು ಫೋನು ತೆರೆದು ನೋಡಿ ಗಾಬರಿಯಾದರು. ತಮ್ಮನ ಹಳೆಯ ಕಾಗದಗಳು ಬಂದಿದ್ದವು, ಆದರೆ ಕನ್ನಡವಿಲ್ಲ! ಸಾಲು ಸಾಲಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಇದರ ಕಾರಣ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ನಮ್ಮ ಜನ ಬಹುಕಾಲ ಬರೆದದ್ದು ಬರಹ, ನುಡಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರವನ್ನು ಕೂರಿಸಿರುತ್ತಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ. ಇಲ್ಲದ ಫೋನಿನಲ್ಲಿ ಕಲಸುಮೇಲೋಗರ. ಕಾಗದ ಹಾಳಾಗಿಲ್ಲ, ಬಟ್ಟೆ ಮಾತ್ರ ಬೇರೆ. ನುಡಿಯಲ್ಲೂ ಬರಹದಲ್ಲೂ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವಿದೆ. ರಾಯರ ಮೊಮ್ಮಗನಿಗೆ ಅದನ್ನು ತೋರಿಸಿಕೊಟ್ಟೆವು. ಅವನು ಈಗ ರಜೆಯ ದಿನಗಳಲ್ಲಿ ಅಜ್ಜನ ಪಕ್ಕದಲ್ಲಿ ಕುಳಿತು ಒಂದೊಂದಾಗಿ ಪರಿವರ್ತಿಸುತ್ತಿದ್ದಾನೆ. ಚೆನ್ನೈಯಲ್ಲೇ ಹುಟ್ಟಿ ಬೆಳೆದು ಕನ್ನಡ ಓದಲು ತಡವರಿಸುತ್ತಿದ್ದ ಹುಡುಗನಿಗೆ ಈ ನೆಪದಲ್ಲಿ ಒತ್ತಕ್ಷರ ಹಿಡಿತಕ್ಕೆ ಬರುತ್ತಿದೆ ಎಂದು ಅವನ ಅಜ್ಜಿಗೆ ಸಂತೋಷ.

ಐಮ್ಯಾಪಿನ ಒಂದು ಅಪಾಯವನ್ನು ಹೇಳದೆ ಬಿಡುವಂತಿಲ್ಲ. ಕೋಣೆ ಒಂದೇ ಆದ್ದರಿಂದ ಯಾವ ಬಾಗಿಲಿಂದ ಹೋಗಿ ಹರಿದು ಹಾಕಿದರೂ ಕಾಗದ ಎಲ್ಲ ಕಡೆಯೂ ಹೋಗುತ್ತದೆ. "ಫೋನು ತುಂಬಿತು" ಎಂದು ಮಕ್ಕಳು ಫೋನಿನಲ್ಲಿ ಮೇಲ್ ಅಳಿಸಿದರೆ ಕಂಪ್ಯೂಟರಿನಲ್ಲೂ ಅಳಿಯುತ್ತದೆ. ಜಿಮೇಲಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಎತ್ತಿಕೊಳ್ಳಬೇಕು. ಆದಕಾರಣ ವರ್ಷಕ್ಕೊಮ್ಮೆ ಇಡೀ ಪೆಟ್ಟಿಗೆಯ ಒಂದು ನಕಲನ್ನು ಇಳಿಸಿಕೊಂಡು ಬೇರೆ ಡಿಸ್ಕಿನಲ್ಲಿ ಇಡುವುದು ಒಳ್ಳೆಯದು. ಗೂಗಲಿನಲ್ಲಿ ಇದಕ್ಕೆ ಟೇಕ್‌ಔಟ್ ಎಂಬ ಅನುಕೂಲವಿದೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮವಿಡುವ ಮನೆಗಳಲ್ಲಿ ಅದರ ಹಿಂದಿನ ಸಂಜೆ ಈ ಕೆಲಸ ಇಟ್ಟುಕೊಳ್ಳಬಹುದು.

ವರ್ಗವಾಗಿ ಊರೂರು ಅಲೆಯುವ ನಮ್ಮಂಥವರಿಗೆ ಇನ್ನೊಂದು ಮಾತು. ಹೊಸ ಊರಿಗೆ ಬಂದು ಹೊಸ ಸಿಮ್ ಕೊಂಡು ಹಳೆಯದನ್ನು ಬಿಟ್ಟುಬಿಡುತ್ತೇವೆ. ಗುಪ್ತಪದ ಮರೆತಾಗ ಸಂಕೇತ ಹೋಗುವುದು ಆ ಹಳೆಯ ನಂಬರಿಗೇ! ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಆಮೇಲೆ ಕೊಡಬಹುದು. ಸಿಮ್ ಬದಲಿಸಿದ ದಿನವೇ ಮೇಲ್ ಖಾತೆಯಲ್ಲೂ ನಂಬರು ಬದಲಿಸಬೇಕು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂದು ಗೂಗಲ್ 2023ರ ಡಿಸೆಂಬರಿನಿಂದ ಕಟ್ಟಳೆ ಮಾಡಿದೆ. ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದರೆ ಅವರ ಪೆಟ್ಟಿಗೆಯ ಗತಿ ಇದೇ. ಖಾತೆ ನಿಂತುಹೋದರೆ ಯಾರಿಗೆ ತಲುಪಬೇಕೆಂದು ಮೊದಲೇ ಹತ್ತು ಮಂದಿಯವರೆಗೆ ಹೆಸರು ಸೂಚಿಸಿಡುವ ಅವಕಾಶವೂ ಅಲ್ಲಿ ಉಂಟು. ರಾಯರು ಮೊಮ್ಮಗನ ಜೊತೆಗೆ ತಮ್ಮನ ಹೆಸರನ್ನೂ ಸೇರಿಸಿದ್ದಾರೆ.

ಕಚೇರಿಯ ಮೇಲನ್ನು ಮನೆಯ ಪೆಟ್ಟಿಗೆಗೆ ತಿರುಗಿಸುವುದು ಮಾತ್ರ ಬೇಡ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ವ್ಯವಸ್ಥೆ ಚೆನ್ನೈಯದೇ ಆದ ಜೋಹೋ ಕಂಪೆನಿಯ ತಂತ್ರಕ್ಕೆ ಬಂದಿದೆ ಎಂದು 2025ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ತಂತ್ರ ಯಾರದೇ ಆಗಲಿ, ಕಚೇರಿ ಟಪಾಲು ಕಚೇರಿಯ ಬೀರುವಿನಲ್ಲೇ ಇರಲಿ. ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಮೇಲ್ ನೋಡಲೇಬೇಕಾದರೆ ಬ್ರೌಸರಿನಲ್ಲಿ ನೋಡಿ, ಏಳುವ ಮೊದಲು ಸೈನ್ ಔಟ್ ಮಾಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಅನೇಕ ಮನೆಗಳಲ್ಲಿ ಹಳೆಯ ಕಂಪ್ಯೂಟರನ್ನು ತೆಗೆದುಹಾಕುವ ಮಾತು ನಡೆಯುತ್ತಿದೆ. ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿಗೆ ಹೊತ್ತು ಹಾಕುವ ಮುನ್ನ ಅದರ ಮೇಲ್ ಪ್ರೋಗ್ರಾಮನ್ನು ಒಮ್ಮೆ ತೆರೆದು ನೋಡಿ. ಒಳಗೆ ಕಾಗದಗಳಿದ್ದು ಸಾಗಿಸುವುದು ಗೊತ್ತಾಗದಿದ್ದರೆ, ಪ್ರೋಗ್ರಾಮಿನ ಹೆಸರನ್ನೂ ಎಷ್ಟು ವರ್ಷದ್ದೆಂಬುದನ್ನೂ ಸಂಘದ ವಿಳಾಸಕ್ಕೆ ಬರೆದು ತಿಳಿಸಿ. ನುಂಗಂಬಾಕ್ಕಂ, ಕೋಡಂಬಾಕ್ಕಂ, ಮಾಂಬಲಂ ಸುತ್ತಿನವರಾದರೆ ಭಾನುವಾರ ಬೆಳಗ್ಗೆ ನಾವೇ ಬಂದು ನೋಡುತ್ತೇವೆ. ಪೆನ್ ಡ್ರೈವು ಒಂದನ್ನು ತಂದಿಟ್ಟುಕೊಂಡಿರಿ, ಕಾಫಿ ಆಮೇಲೆ.